ಗುವಾಹಟಿಯಿಂದ ಬರಬೇಕಿದ್ದ ಪರಾಗ

ಗುವಾಹಟಿಯಿಂದ ಹೈದರಾಬಾದಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕುಷ್ಟಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಸುಮಾರು ಸಾವಿರದ ಏಳುನೂರು ಕಿಲೋಮೀಟರ್, ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ ಎಂದು ತೋರಿಸಿತು. ವಿಮಾನ ಹತ್ತುವುದು ಹಾಗಿರಲಿ, ವಿಮಾನ ನಿಲ್ದಾಣದ ಗೇಟನ್ನೂ ಕಂಡವನಲ್ಲ ನಾನು. ಆ ಉತ್ತರವೇ ನನಗೆ ಸಾಕಾಯಿತು. ಅದನ್ನು ನಂಬಿ ಒಬ್ಬ ಹೆಣ್ಣುಮಗಳ ಮೊದಲ ಬೆಳೆಯನ್ನು ಅರ್ಧಕ್ಕರ್ಧ ಕೆಡಿಸಿದೆ.

ನಾನು ಬೀಜದ ಕಂಪನಿಯೊಂದರ ಫೀಲ್ಡ್‌ಮನ್. ಕುಷ್ಟಗಿಯಿಂದ ತಾವರಗೇರಾ ಕಡೆಗೆ ಹೋಗುವ ರಸ್ತೆಯ ಆರು ಹಳ್ಳಿಗಳ ನೆಟ್‌ಹೌಸುಗಳು ಆಗ ನನ್ನ ಪಾಲಿಗಿದ್ದವು. ಸುತ್ತಲೂ ಬಲೆಪರದೆ ಹೊದಿಸಿದ ತೋಟಗಳು ಅವು. ಅಲ್ಲಿ ಟೊಮೆಟೊ ಬೆಳೆಯುವುದು ತಿನ್ನುವುದಕ್ಕಲ್ಲ, ಬೀಜಕ್ಕೆ. ಹೆಣ್ಣು ತಳಿಯ ಗಿಡದ ಮೊಗ್ಗನ್ನು ಅರಳುವ ಮುಂಚಿನ ಸಂಜೆಯೇ ಬಿಡಿಸಿ, ಒಳಗಿನ ಹಳದಿ ಗಂಡುಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ನಡುವೆ ಸೂಜಿಮೊನೆಯಂಥ ಹಸಿರು ಕಡ್ಡಿಯೊಂದು ಉಳಿಯುತ್ತದೆ. ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಗಂಡು ಗಿಡದ ಪರಾಗವನ್ನು ಆ ಮೊನೆಗೆ ಮುಟ್ಟಿಸಬೇಕು. ಕೆಲಸದ ಹೆಣ್ಣುಮಕ್ಕಳು ಬೆರಳಿಗೊಂದು ಉಂಗುರ ಹಾಕಿಕೊಂಡಿರುತ್ತಾರೆ, ಅದರ ಮೇಲಿನ ಪುಟ್ಟ ಬಟ್ಟಲಲ್ಲಿ ಪರಾಗ ಇರುತ್ತದೆ. ಮುಟ್ಟಿಸಿದ ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸುತ್ತಾರೆ. ಇಷ್ಟಕ್ಕೂ ಸೇರಿ ನಮ್ಮ ಕಡೆ ಇರುವುದು ಒಂದೇ ಮಾತು, ಕ್ರಾಸಿಂಗ್. ಬಿಡಿಸಿದ ಮೊಗ್ಗಿಗೆ ಮರುದಿನ, ಹೆಚ್ಚೆಂದರೆ ಅದರ ಮರುದಿನ ಪರಾಗ ಸಿಗಬೇಕು. ಸಿಗದಿದ್ದರೆ ಒಣಗಿ ಉದುರುತ್ತದೆ.

ಆ ಹೆಣ್ಣುಮಗಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಹನ್ನೊಂದು ವರ್ಷ ಮಂದಿಯ ನೆಟ್‌ಹೌಸುಗಳಲ್ಲಿ ಕೂಲಿಗೆ ಕ್ರಾಸಿಂಗ್ ಮಾಡಿದವಳು. ಗಂಡ ಕುರಿ ಹಿಂದೆ ತಿಂಗಳುಗಟ್ಟಲೆ ಹೋಗುವವನು. ಆ ವರ್ಷ ಮೊದಲ ಸಲ ತನ್ನ ಹೊಲದಲ್ಲಿ ತನ್ನ ಹೆಸರಿನಲ್ಲೇ ಅರ್ಧ ಎಕರೆ ನೆಟ್ ಹಾಕಿಸಿದ್ದಳು. ಕಂಪನಿಯ ಪದ್ಧತಿ ಹೀಗಿತ್ತು: ಹೊಸ ಬೆಳೆಗಾರರ ಮೊದಲ ಬೆಳೆ ಅವರ ತಪ್ಪಿನಿಂದ ಕೆಟ್ಟರೆ ಮರುವರ್ಷ ಅವರಿಗೆ ಮೂಲಬೀಜ ಇಲ್ಲ, ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ಅವಳು ಮತ್ತೆ ಮಂದಿಯ ನೆಟ್‌ಹೌಸಿಗೆ ಕೂಲಿಗೆ ಹೋಗಬೇಕಿತ್ತು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡಿಸೆಂಬರ್ ಮೊದಲ ವಾರ ಅವಳ ಹೆಣ್ಣು ಗಿಡಗಳು ಮೊಣಕಾಲುದ್ದ ಬಂದು ಮೊದಲ ಗೊಂಚಲಿನಲ್ಲಿ ಮೊಗ್ಗು ತುಂಬಿದ್ದವು. ಮೂಲೆಯ ಸಣ್ಣ ನೆಟ್ಟಿನಲ್ಲಿದ್ದ ಗಂಡು ಗಿಡಗಳಿಗೆ ಮಾತ್ರ ಎಲೆ ಮುದುಡುವ ರೋಗ ಬಂತು. ಒಂದೂ ಉಳಿಸಬೇಡಿ ಎಂದು ಕಂಪನಿಯವರು ಕೀಳಿಸಿದರು. ಅದೇ ಗಂಡು ತಳಿ ಗುವಾಹಟಿ ಹತ್ತಿರದ ಕಂಪನಿಯ ತೋಟದಲ್ಲಿ ಹೂ ಬಿಟ್ಟಿತ್ತು. ಅಲ್ಲಿ ಪರಾಗ ತೆಗೆದು ಒಣಗಿಸಿ, ತಂಪು ಡಬ್ಬಿಯಲ್ಲಿಟ್ಟು ವಿಮಾನಕ್ಕೆ ಹಾಕುತ್ತೇವೆ ಎಂದು ಹೈದರಾಬಾದಿನಲ್ಲಿದ್ದ ನಮ್ಮ ಮೇಲಧಿಕಾರಿ ಹೇಳಿದರು.

ನಾನು ಪಾಕೆಟ್ ಡೈರಿಯಲ್ಲಿ ಲೆಕ್ಕ ಹಾಕಿದೆ. ಗುವಾಹಟಿಯಲ್ಲಿ ನಮಗಿಂತ ಮುಕ್ಕಾಲು ತಾಸು ಮೊದಲೇ ಹೊತ್ತು ಹುಟ್ಟುತ್ತದೆ. ಗಡಿಯಾರ ಒಂದೇ ಆದರೂ ಅಲ್ಲಿನ ತೋಟದವರು ನಾವು ಹಾಸಿಗೆಯಲ್ಲಿರುವಾಗಲೇ ಹೂ ಬಿಡಿಸಿರುತ್ತಾರೆ. ಭಾನುವಾರ ಬಿಡಿಸಿದ ಹೂವನ್ನು ಬಲ್ಬಿನ ಕೆಳಗೆ ಒಣಗಿಸಿ, ಸೋಮವಾರ ನಸುಕಿನಲ್ಲಿ ಜರಡಿ ಹಿಡಿದು ಎಂಟಕ್ಕೆ ಡಬ್ಬಿ ಕಟ್ಟುತ್ತಾರೆ. ಹನ್ನೊಂದೂವರೆ ಸುಮಾರಿಗೆ ವಿಮಾನ. ಎರಡೂವರೆಗೆ ಹೈದರಾಬಾದು. ಅಲ್ಲಿಂದ ಗಂಗಾವತಿಗೆ ಬರುವ ರಾತ್ರಿ ಬಸ್ಸಿಗೆ ಕೊಟ್ಟರೆ ಮಂಗಳವಾರ ಬೆಳಿಗ್ಗೆ ಐದಕ್ಕೆ ಗಂಗಾವತಿ. ನಾನು ಬೈಕಿನಲ್ಲಿ ಕನಕಗಿರಿ, ತಾವರಗೇರಾ ದಾಟಿ ಏಳೂವರೆಗೆ ಅಕ್ಕನ ಹೊಲದಲ್ಲಿ. ಎಂಟೂವರೆಗೆ ಕ್ರಾಸಿಂಗ್ ಶುರು. ಹಾಳೆಯ ಮೇಲೆ ಒಂದು ನಿಮಿಷವೂ ತಪ್ಪಿರಲಿಲ್ಲ. ಸಾವಿರದ ಏಳುನೂರು ಕಿಲೋಮೀಟರಿಗೆ ಮೂರು ತಾಸು, ಉಳಿದ ಮುನ್ನೂರೈವತ್ತಕ್ಕೆ ಒಂದು ಇಡೀ ರಾತ್ರಿ ಎಂಬುದನ್ನು ನೋಡಿ ಒಬ್ಬನೇ ನಕ್ಕಿದ್ದೂ ನೆನಪಿದೆ.

ಈ ಲೆಕ್ಕ ಕೂಡಬೇಕಾದರೆ ಸೋಮವಾರ ಮಧ್ಯಾಹ್ನ ಮೂರಕ್ಕೇ ಮೊಗ್ಗು ಬಿಡಿಸಲು ಶುರು ಮಾಡಬೇಕಿತ್ತು. ಇಪ್ಪತ್ತೆರಡು ಹೆಣ್ಣುಮಕ್ಕಳ ಗುಂಪು ಟಂಟಂ ಆಟೋದಲ್ಲಿ ಬಂದು ಇಳಿಯಿತು. ಗುಂಪಿನ ಹಿರಿಯಳನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಆ ತಿಂಗಳು ಎಲ್ಲ ಊರುಗಳಲ್ಲೂ ಕ್ರಾಸಿಂಗ್. ಈ ಗುಂಪನ್ನು ಒಂದು ದಿನ ಬರಿಗೈಯಲ್ಲಿ ಕಳಿಸಿದರೆ ಮರುದಿನ ಯಲಬುರ್ಗಾ ಕಡೆಯ ಯಾವುದೋ ನೆಟ್‌ಹೌಸಿನಲ್ಲಿರುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ನನ್ನ ಅಂಜಿಕೆ ಅದು.

ಅಕ್ಕ ಚಿಮಟಗಳ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದಳು. ಹಂಚಿರಲಿಲ್ಲ.

"ಪುಡಿ ಎಲ್ಲಿಗೆ ಬಂತ್ರಿ ಸರ?" ಎಂದಳು. ನಮ್ಮಲ್ಲಿ ಪರಾಗಕ್ಕೆ ಪುಡಿ ಅನ್ನುತ್ತಾರೆ.

ಗುವಾಹಟಿಯ ತೋಟದವನಿಗೆ ಎರಡು ಸಲ ಫೋನ್ ಮಾಡಿದ್ದೆ. ಎತ್ತಿರಲಿಲ್ಲ. ನನ್ನ ಕೈಲಿದ್ದದ್ದು ಫೋನು ತೋರಿಸಿದ ವೇಳೆ ಮಾತ್ರ.

"ವಿಮಾನ ಬಿಟ್ಟೈತ್ರಿ ಅಕ್ಕಾ. ಇಷ್ಟೊತ್ತಿಗೆ ಹೈದರಾಬಾದಿಗೆ ಇಳದಿರತೈತಿ," ಎಂದೆ.

"ನಿಮಗ ಯಾರು ಹೇಳಿದ್ರಿ?"

"ಗುವಾಹಟಿಯಿಂದ ಫೋನ್ ಬಂದಿತ್ತು."

ಬಂದಿರಲಿಲ್ಲ. ಹೇಳುವಾಗ ಅದು ಸುಳ್ಳು ಅನಿಸಲೂ ಇಲ್ಲ. ಹೇಗಿದ್ದರೂ ಬರುತ್ತದಲ್ಲ, ಒಂದು ಮಾತು ಮುಂಚೆ ಹೇಳಿದೆ ಅಷ್ಟೇ ಎಂದುಕೊಂಡೆ. ಅಕ್ಕ ನನ್ನ ಮುಖ ನೋಡಿ ಬುಟ್ಟಿ ಇಳಿಸಿದಳು. ಸಂಜೆ ಆರರವರೆಗೆ ಇಪ್ಪತ್ತೆರಡು ಜನ ಬಾಗಿಕೊಂಡು ಸಾಲುಸಾಲಾಗಿ ಮೊಗ್ಗು ಬಿಡಿಸಿದರು. ಅಕ್ಕನೂ ಒಂದು ಸಾಲು ಹಿಡಿದಳು. ಅವಳ ಚಿಮಟದ ಕೆಳಗೆ ಒಂದು ಮೊಗ್ಗೂ ಹರಿಯುತ್ತಿರಲಿಲ್ಲ.

ಆರೂವರೆಗೆ, ವಾಪಸಾಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ ಮತ್ತೆ ಮಾಡಿದಾಗ, ತೋಟದವನು ಫೋನ್ ಎತ್ತಿದ. ಬೆಳಿಗ್ಗೆಯಿಂದ ದಟ್ಟ ಮಂಜು, ವಿಮಾನ ನೆಲ ಬಿಟ್ಟಿಲ್ಲ, ಡಬ್ಬಿ ಇನ್ನೂ ಸರಕಿನ ಕೋಣೆಯಲ್ಲೇ ಇದೆ, ನಾಳೆ ಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಆಗಲೇ ತಿರುಗಿ ಹೋಗಿ ಅಕ್ಕನಿಗೆ ಹೇಳಬೇಕಿತ್ತು. ಹೋಗಲಿಲ್ಲ. ಮೊಗ್ಗಿಗೆ ಎರಡು ದಿನದ ತಾಳಿಕೆ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಂಗಳವಾರ ಬೆಳಿಗ್ಗೆ ಹೆಣ್ಣುಮಕ್ಕಳು ಉಂಗುರ ಹಾಕಿಕೊಂಡು ಬಂದರು. ಬಟ್ಟಲು ಖಾಲಿ. "ಬಸ್ ತಡಾ ಆಗೈತಿ," ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸುವುದು ಇಷ್ಟು ಸಲೀಸು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಆ ಹೊತ್ತು ಕಸ ತೆಗೆದರು, ಗಿಡಕ್ಕೆ ದಾರ ಕಟ್ಟಿದರು. ಮಧ್ಯಾಹ್ನ ಮೇಲಧಿಕಾರಿಯ ಫೋನ್ ಬಂತು.

"ಇವತ್ತು ವಿಮಾನ ಹೊರಡೋದು ಖಾತ್ರಿ. ಕೆಲಸ ನಿಲ್ಲಿಸಬೇಡಿ. ಗೊಂಚಲು ತಪ್ಪಿದರೆ ಇಳುವರಿ ತಪ್ಪುತ್ತೆ," ಎಂದರು.

ಟೊಮೆಟೊ ಗಿಡದಲ್ಲಿ ಕೆಳಗಿನ ಗೊಂಚಲುಗಳೇ ದಪ್ಪ ಕಾಯಿ ಕೊಡುವವು, ಅವರ ಮಾತೇನೂ ತಪ್ಪಿರಲಿಲ್ಲ. ಮೂರಕ್ಕೆ ನಾನು ಮತ್ತೆ ಚಿಮಟ ಹಿಡಿಯಿರಿ ಎಂದೆ. ಈ ಸಲ ಆಯಿ ಎದ್ದು ನಿಂತಳು.

"ಎಪ್ಪಾ, ನಿನ್ನಿ ಬಿಡಿಸಿದ ಮೊಗ್ಗು ಬಾಯಿ ತಕ್ಕೊಂಡು ಕುಂತಾವು. ಅವಕ್ಕ ಹಾಕಾಕ ಪುಡಿ ಇಲ್ಲ. ಇವತ್ತ ಮತ್ತ ಬಿಡಸು ಅಂತಿ. ಯಾವುದಕ್ಕಂತ ಹಾಕೂನು?"

ಅಕ್ಕ ಆಯಿಯ ಮಾತು ತಡೆದಳು. "ಸರ, ನೀವು ಹೇಳಿದ್ರ ಬಿಡಸ್ತೀವ್ರಿ. ಆದ್ರ ಖರೇ ಹೇಳ್ರಿ. ಪುಡಿ ನಮ್ಮ ಕಡೆ ಹೊಂಟೈತೋ ಇಲ್ಲೋ?"

"ಹೊಂಟೈತ್ರಿ."

ಅವರು ಮತ್ತೆ ಚಿಮಟ ಹಿಡಿದು ಬಾಗಿದರು. ಅಂದು ವಿಮಾನ ಹೊರಟದ್ದೇನೋ ನಿಜ. ಆದರೆ ಅದು ನೇರ ಬರುವ ವಿಮಾನವಲ್ಲ. ಕೋಲ್ಕತ್ತಾದಲ್ಲಿ ಡಬ್ಬಿಯನ್ನು ಬೇರೆ ವಿಮಾನಕ್ಕೆ ಬದಲಿಸಬೇಕಿತ್ತು. ಹಿಂದಿನ ದಿನದಿಂದ ಕೂಡಿಬಿದ್ದ ಸರಕಿನ ರಾಶಿಯಲ್ಲಿ ನಮ್ಮದು ಅಲ್ಲೇ ಉಳಿಯಿತು. ಫೋನು ತೋರಿಸಿದ್ದ ಮೂರು ತಾಸು ವಿಮಾನ ಆಕಾಶದಲ್ಲಿರುವ ಹೊತ್ತು. ಡಬ್ಬಿಯ ದಾರಿಗೆ ನೆಲದ ಮೇಲೆ ಕಾಯುವ ಹೊತ್ತೂ ಸೇರುತ್ತದೆ, ಅದನ್ನು ಯಾವ ಫೋನೂ ತೋರಿಸುವುದಿಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಎರಡು ಸಂಜೆ ಬೇಕಾದವು.

ಬುಧವಾರ ಬೆಳಿಗ್ಗೆ ನೆಟ್‌ಹೌಸಿನ ಬಾಗಿಲಲ್ಲೇ ಗೊತ್ತಾಯಿತು. ಸೋಮವಾರ ಬಿಡಿಸಿದ ಮೊಗ್ಗುಗಳ ಮೊನೆ ಕಂದಿತ್ತು. ಬೆರಳು ತಾಗಿದರೆ ತೊಟ್ಟಿನಿಂದಲೇ ಕಳಚಿ ಬೀಳುತ್ತಿದ್ದವು. ಸಾಲುಗಳ ಕೆಳಗೆ ಮಣ್ಣಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆಯ ಮೇಲೆಲ್ಲ ಅವೇ. ಅಕ್ಕ ಒಂದು ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಿದ್ದವನ್ನು ಬೊಗಸೆಯಲ್ಲಿ ತುಂಬುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಎರಡು ರಾತ್ರಿ ನಿದ್ದೆ ಇಲ್ಲದ ನನಗೆ ಅಲ್ಲೇ ಸಾಲುಗಳ ನಡುವೆ ಮಲಗಿಬಿಡಬೇಕು ಅನಿಸಿತು.

"ಸರ, ಒಂದ್ ಮಾತ್ರಿ," ಎಂದಳು. "ಆಚೆ ಹೊಲದಾಗ ಬ್ಯಾರೆ ಕಂಪನಿದು ಟೊಮೆಟೊ ಐತಿ. ಗಂಡು ಗಿಡ ಹೂ ಬಿಟ್ಟಾವು. ಕೇಳಿದ್ರ ಪುಡಿ ಕೊಡ್ತಾರ. ಹಚ್ಚಿದ್ರ ಕಾಯಿ ಆಗತಾವಲ್ರಿ?"

ಕಾಯಿ ಆಗುತ್ತಿದ್ದವು, ತುಂಬು ಕಾಯಿಯೇ. ಬೀಜವೂ ನೋಡಲು ಹಾಗೇ ಇರುತ್ತಿತ್ತು. ಆದರೆ ಕಂಪನಿಯವರು ಬೀಜದಿಂದ ಒಂದಷ್ಟು ತೆಗೆದು ಬಿತ್ತಿ, ಗಿಡ ಬೆಳೆಸಿ, ತಳಿ ಸರಿಯಿದೆಯೋ ಎಂದು ನೋಡಿಯೇ ನೋಡುತ್ತಾರೆ. ಅಲ್ಲಿ ಸಿಕ್ಕರೆ ಅವಳ ಹೆಸರು ಪಟ್ಟಿಯಿಂದ ಹೋಗುವುದಷ್ಟೇ ಅಲ್ಲ, ಆ ಸುತ್ತಿನ ಯಾವ ಕಂಪನಿಯೂ ಅವಳಿಗೆ ಬೀಜ ಕೊಡುತ್ತಿರಲಿಲ್ಲ. ಅಷ್ಟಾದರೂ ಒಂದು ಗಳಿಗೆ ನಾನು ಯೋಚಿಸಿದೆ. ಪರೀಕ್ಷೆಯ ಫಲ ಬರುವುದು ತಿಂಗಳುಗಳ ಮೇಲೆ, ಅಷ್ಟರಲ್ಲಿ ನಾನು ಎಲ್ಲಿರುತ್ತೇನೋ ಎಂಬ ಯೋಚನೆ ಬಂತು. ಅದು ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಬ್ಯಾಡ್ರಿ ಅಕ್ಕಾ. ಅದು ನಿಮ್ಮನ್ನ ಪೂರ್ತಿ ಮುಳಗಸತೈತಿ," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. "ಸೋಮವಾರ ವಿಮಾನ ಬಿಟ್ಟಿದ್ದಿಲ್ರಿ. ನಂಗ ಗೊತ್ತಿದ್ದಿಲ್ಲ. ಗೊತ್ತೈತಿ ಅಂತ ಹೇಳಿದ್ನಿ. ಪುಡಿ ಯಾವಾಗ ಬರತೈತಿ ಅನ್ನೂದು ಈಗೂ ಗೊತ್ತಿಲ್ಲ."

ಆಯಿಯೂ ಕೇಳಿಸಿಕೊಂಡಳು, ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಕ್ಕ ಬೊಗಸೆಯಲ್ಲಿದ್ದ ಮೊಗ್ಗುಗಳನ್ನು ಬದುವಿಗೆ ಸುರಿದು ಕೈ ಕೊಡವಿದಳು.

"ಹಂಗಾದ್ರ ಈಗ ಏನ್ ಮಾಡೂನು, ಅದನ್ನ ಹೇಳ್ರಿ," ಎಂದಳು.

ಎರಡೇ ದಾರಿ ಇದ್ದವು. ಪರಾಗ ಬಂದೀತೆಂದು ಮೂರನೆಯ ಸಂಜೆಯೂ ಮೊಗ್ಗು ಬಿಡಿಸುವುದು, ಇಲ್ಲವೇ ಕೆಳಗಿನ ಗೊಂಚಲುಗಳ ಆಸೆ ಬಿಡುವುದು. ಬಿಡಿಸದ ಮೊಗ್ಗನ್ನು ಹಾಗೇ ಬಿಡುವಂತಿಲ್ಲ. ಅದು ಅರಳಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಗಿಡದ ಕಸುವೆಲ್ಲ ಅದಕ್ಕೆ ಹೋಗುತ್ತದೆ, ಕೊಯ್ಯುವಾಗ ಬೀಜ ಬೆರಕೆಯಾಗುತ್ತದೆ. ನಾನು ಮೇಲಧಿಕಾರಿಯನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ದಿನ ಕಾಯಿರಿ ಅನ್ನುತ್ತಿದ್ದರು. ಕೆಳಗಿನ ಮೂರು ಗೊಂಚಲು ಪೂರ್ತಿ ಚಿವುಟಿ ಹಾಕಿ, ಹೂ, ಮೊಗ್ಗು ಏನೂ ಉಳಿಸಬೇಡಿ, ಗಿಡದ ಕಸುವು ಮೇಲಿನ ಎಳೆ ಗೊಂಚಲುಗಳಿಗೆ ಹೋಗಲಿ ಎಂದೆ. ಡಬ್ಬಿ ಹೈದರಾಬಾದಿನ ನಮ್ಮ ಕಚೇರಿಯವರ ಕೈಗೆ ಬಂತು ಎಂದು ಅವರ ಬಾಯಿಂದಲೇ ಕೇಳುವವರೆಗೆ ಚಿಮಟ ಮುಟ್ಟುವುದು ಬೇಡ ಎಂದೂ ಹೇಳಿದೆ.

ಯಾರೂ ಅಲುಗಾಡಲಿಲ್ಲ. ಹೂವನ್ನು ಜೋಪಾನ ಮಾಡಿಯೇ ಗೊತ್ತಿದ್ದ ಕೈಗಳು ಅವು. ಕೊನೆಗೆ ಅಕ್ಕನೇ ಮೊದಲ ಗಿಡದ ಮುಂದೆ ಬಾಗಿ ಮೊದಲ ಗೊಂಚಲು ಚಿವುಟಿದಳು. ಆಮೇಲೆ ಉಳಿದವರು ಶುರು ಮಾಡಿದರು. ಕ್ರಾಸಿಂಗ್ ಮಾಡುವಾಗ ಇಪ್ಪತ್ತೆರಡು ಜನ ಸೇರಿದರೆ ಹರಟೆ, ಹಾಡು, ನಗೆ ಇದ್ದೇ ಇರುತ್ತದೆ. ಅವತ್ತು ತೊಟ್ಟು ಮುರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ನಾನೂ ಒಂದು ಸಾಲು ಹಿಡಿದೆ. ಹಸಿರು ಕಲೆ ಹತ್ತಿ ಬೆರಳು ಕಪ್ಪಾದವು, ಸೊಂಟ ಹಿಡಿದುಕೊಂಡಿತು. ನನ್ನ ಸಾಲು ಅರ್ಧವಾಗುವಷ್ಟರಲ್ಲಿ ಅವರು ಎರಡೆರಡು ಮುಗಿಸಿದ್ದರು.

ಸಂಜೆ ಗುಂಪಿನಲ್ಲಿ ಹದಿಮೂರು ಜನ ನಾಳೆಯಿಂದ ಬರುವುದಿಲ್ಲ ಎಂದರು. ನಾಳೆ ಕೆಲಸ ಇದೆ ಎಂದು ಸುಳ್ಳು ಹೇಳಿ ಅವರನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಹೇಳಲಿಲ್ಲ, ಹೇಳುವ ತ್ರಾಣವೂ ಇರಲಿಲ್ಲ. ಆಯಿ ಉಳಿದಳು. "ಹನ್ನೊಂದ ವರ್ಷ ನನ್ನ ಮಗ್ಗಲ ಸಾಲಿನಾಗ ಕೆಲಸ ಮಾಡ್ಯಾಳ ಇಕಿ. ಬಿಟ್ಟು ಎಲ್ಲಿ ಹೋಗ್ಲಿ?" ಎಂದಳು. ಅವಳ ಮುಖ ನೋಡಿ ಎಂಟು ಜನ ಉಳಿದರು.

ಗುರುವಾರ ಮಧ್ಯಾಹ್ನ ಡಬ್ಬಿ ಹೈದರಾಬಾದಿಗೆ ಬಂತು. ನಮ್ಮ ಕಚೇರಿಯವನು ಡಬ್ಬಿಯ ಫೋಟೊ ಕಳಿಸಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ಮೇಲಿನ ಗೊಂಚಲಿನಲ್ಲಿ ಬಲಿತ ಮೊಗ್ಗು ಇದ್ದಷ್ಟನ್ನು ಬಿಡಿಸಿ ಎಂದೆ. ಶುಕ್ರವಾರ ಬೆಳಗಿನ ಜಾವ ಗಂಗಾವತಿ ನಿಲ್ದಾಣದಲ್ಲಿ ಬಸ್ಸಿಗೆ ಕಾದೆ. ಬಸ್ಸಿನ ತುಂಬ ಕ್ಯಾಂಪುಗಳಿಗೆ, ಅಂದರೆ ಆ ಸುತ್ತಲಿನಲ್ಲಿ ತಾವು ನೆಲೆಯೂರಿದ ಊರುಗಳಿಗೆ, ವಾಪಸಾಗುವ ತೆಲುಗು ಮಂದಿ. ಅವರ ಚೀಲಗಳ ನಡುವಿನಿಂದ ಡ್ರೈವರ್ ಥರ್ಮಾಕೋಲ್ ಡಬ್ಬಿ ತೆಗೆದು ಕೊಟ್ಟ. ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಬೈಕ್ ಹತ್ತಿದೆ. ಕನಕಗಿರಿ ದಾಟುವವರೆಗೆ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು.

ಹೊಲದಲ್ಲಿ ಎಲ್ಲರೂ ಡಬ್ಬಿಯ ಸುತ್ತ ನೆರೆದರು. ತಣ್ಣಗಿರುವ ಪರಾಗದ ಶೀಸೆಯನ್ನು ಬಂದ ತಕ್ಷಣ ತೆರೆಯಬಾರದು. ಹೊರಗಿನ ಗಾಳಿಯ ತೇವ ಒಳಗೆ ಕೂತು ಪರಾಗ ಗಂಟು ಕಟ್ಟಿ ಸಾಯುತ್ತದೆ. ಶೀಸೆ ಹೊರಗಿನಷ್ಟೇ ಬೆಚ್ಚಗಾಗುವವರೆಗೆ ಮುಚ್ಚಳ ಮುಟ್ಟುವಂತಿಲ್ಲ. ನಾಲ್ಕು ದಿನ ಕಾದ ಮೇಲೆ ಆ ಮುಕ್ಕಾಲು ತಾಸು ಕಾಯುವುದು ಕಷ್ಟವಾಯಿತು. ಅಕ್ಕ ಶೀಸೆಯ ಪಕ್ಕದಲ್ಲೇ ಕೂತಳು, ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ತೆರೆದು ಚೂರು ಪರಾಗವನ್ನು ಕಪ್ಪು ಕಾಗದದ ಮೇಲೆ ಉದುರಿಸಿದೆ. ಜರಡಿ ಹಿಡಿದ ಹಿಟ್ಟಿನಂತೆ ಸರಾಗವಾಗಿ ಜಾರಿತು. ಗಂಟು ಇರಲಿಲ್ಲ.

"ಜೀವ ಐತಿ," ಎಂದಳು ಅಕ್ಕ, ಉಂಗುರ ಮುಂದೆ ಹಿಡಿದಳು.

ಒಂಬತ್ತು ಜನ ಮತ್ತು ಅಕ್ಕ ಸೇರಿ ಮೂರು ವಾರ ಕ್ರಾಸಿಂಗ್ ಮಾಡಿದರು. ಗುವಾಹಟಿಯಿಂದ ಇನ್ನೂ ಮೂರು ಡಬ್ಬಿ ಬಂದವು. ಒಂದೂ ಹೇಳಿದ ದಿನಕ್ಕೆ ಬರಲಿಲ್ಲ. ಆದರೆ ಹೈದರಾಬಾದಿನಿಂದ ಫೋಟೊ ಬರುವ ಮೊದಲು ನಾವು ಒಂದು ಮೊಗ್ಗನ್ನೂ ಬಿಡಿಸಲಿಲ್ಲ. ಮೇಲಿನ ಗೊಂಚಲುಗಳ ಕಾಯಿ ಸಣ್ಣವು. ಬೀಜ ತೆಗೆದು ಒಣಗಿಸಿ ತೂಗಿದಾಗ, ಬರಬೇಕಿದ್ದದ್ದರ ಅರ್ಧಕ್ಕಿಂತ ತುಸು ಹೆಚ್ಚು ಬಂತು. ತಳಿ ಪರೀಕ್ಷೆಯಲ್ಲಿ ಬೆರಕೆ ಇಲ್ಲದೆ ಪಾಸಾಯಿತು.

ಆಮೇಲೆ ಕಂಪನಿಯ ನಮೂನೆ ತುಂಬುವ ದಿನ ಬಂತು. ಇಳುವರಿ ಕಡಿಮೆಯಾಗಲು ಕಾರಣ ಎಂದು ಅದರಲ್ಲೊಂದು ಅಂಕಣ. ಮೇಲಧಿಕಾರಿ ಫೋನಿನಲ್ಲಿ ಹೇಳಿದರು: "ಕೂಲಿಯಾಳುಗಳು ಅರ್ಧಕ್ಕೆ ಬಿಟ್ಟುಹೋದರು ಅಂತ ಬರೀರಿ. ಸುಳ್ಳೇನಲ್ಲವಲ್ಲ." ಹದಿಮೂರು ಜನ ಹೋದದ್ದು ನಿಜವೇ. ಆದರೆ ಹಾಗೆ ಬರೆದರೆ ಆಳು ಹಿಡಿದಿಟ್ಟುಕೊಳ್ಳಲಾಗದ ಬೆಳೆಗಾರಳು ಎಂದಾಗುತ್ತಿತ್ತು, ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ನಾನು ಹೀಗೆ ಬರೆದೆ: ಪರಾಗ ತಲುಪುವ ಮೊದಲೇ ಎರಡು ಸಂಜೆ ಫೀಲ್ಡ್‌ಮನ್ನನ ಸೂಚನೆಯಂತೆ ಮೊಗ್ಗು ಬಿಡಿಸಿದ್ದರಿಂದ ಕೆಳಗಿನ ಗೊಂಚಲುಗಳು ಹೋದವು. ಬರೆದು, ಏನೋ ದೊಡ್ಡದು ಮಾಡಿದವನಂತೆ ಅಕ್ಕನ ಸಹಿಗೆ ಅವಳ ಮನೆಗೆ ಹೋದೆ.

ಅಕ್ಕ ಏಳನೇ ಇಯತ್ತೆ ಓದಿದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪೆನ್ನು ತೆಗೆದುಕೊಳ್ಳಲಿಲ್ಲ.

"ಇದು ಅರ್ಧ ಆತ್ರಿ," ಎಂದಳು.

"ಯಾಕ್ರಿ ಅಕ್ಕಾ?"

"ನೀವು ಬಿಡಸಾಕ ಹೇಳಿದ್ರಿ, ನಾವು ಬಿಡಿಸಿದ್ವಿ ಅಂತ ಬರದೀರಿ. ಹನ್ನೊಂದ ವರ್ಷ ಈ ಕೆಲಸ ಮಾಡಿದಾಕಿ ನಾನು. ಪುಡಿ ಇಲ್ಲದ ಮೊಗ್ಗಿಗೆ ಕೈ ಹಚ್ತೀನೇನ್ರಿ? ವಿಮಾನ ಬಿಟ್ಟೈತಿ ಅಂತ ನೀವಂದ್ರಿ, ಅದಕ್ಕ ಹಚ್ಚಿದ್ನಿ. ಅದನ್ನೂ ಬರೀರಿ. ನಾಳಿ ಇದನ್ನ ಓದಿದವ್ರು ಇಕಿಗೆ ಕೆಲಸಾನ ಗೊತ್ತಿದ್ದಿಲ್ಲ ಅನ್ನಬಾರ್ದು."

ಅಂಕಣದಲ್ಲಿ ಜಾಗ ಉಳಿದಿರಲಿಲ್ಲ. ಹಾಳೆ ತಿರುವಿ ಹಿಂದೆ ಬರೆದೆ. ವಿಮಾನ ಹೊರಟಿದೆ ಎಂದು ಬೆಳೆಗಾರಳಿಗೆ ಹೇಳಿದೆ, ಹೊರಟಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವಳು ಅದನ್ನೂ ಬೆರಳಿಟ್ಟು ಓದಿ, ಎರಡೂ ಬದಿಗೆ ಸಹಿ ಹಾಕಿದಳು.

ಜೂನಿನಲ್ಲಿ ಪಟ್ಟಿ ಬಂತು. ಅಕ್ಕನ ಹೆಸರು ಇತ್ತು. ಆರು ಹಳ್ಳಿಗಳ ಎದುರಿಗೆ ನನ್ನ ಹೆಸರಿನ ಜಾಗದಲ್ಲಿ ಬೇರೊಬ್ಬನ ಹೆಸರಿತ್ತು. ನನ್ನನ್ನು ಯಲಬುರ್ಗಾ ಕಡೆಯ ಗೋದಾಮಿಗೆ ಹಾಕಿದ್ದರು. ಚೀಲ ಎಣಿಸುವ ಕೆಲಸ. ಅಕ್ಕನಿಗೆ ಫೋನ್ ಮಾಡಿ, ಹೆಸರು ಬಂದಿದೆ ಎಂದು ಹೇಳಿದೆ. ಹೊಸ ಫೀಲ್ಡ್‌ಮನ್ ಆಗಲೇ ಬಂದು ಹೇಳಿ ಹೋಗಿದ್ದನಂತೆ. ಹೇಗಿದ್ದಾನೆ ಎಂದು ಕೇಳಿದೆ.

"ಛಲೋ ಅದಾನ್ರಿ," ಎಂದಳು ಅಕ್ಕ. "ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತಾನ."